ತಿಥಿ ಗೊತ್ತಿರುವ ಅತಿಥಿ

ಬರುವ ತಿಥಿ ಯಾರಿಗೂ ಗೊತ್ತಿಲ್ಲದವನೇ ಅತಿಥಿ ಎಂದು ನಮ್ಮ ಹಿರಿಯರು ಆ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಕರೆಯದೆ ಬಂದವನಿಗೂ ಕಾಲಿಗೆ ನೀರು ಕೊಟ್ಟು, ಉಣಲಿಕ್ಕೆ ಬಡಿಸಿ, ಹೊರಡುವ ಮಾತನ್ನು ಆತನೇ ಎತ್ತುವವರೆಗೆ ಕಾಯುವುದು ಗೃಹಸ್ಥನ ಧರ್ಮವಾಗಿತ್ತು. ಈಗ ವಿದ್ಯೆಯ ಮನೆಯಲ್ಲಿ ಇನ್ನೊಂದು ಬಗೆಯ ಅತಿಥಿ ಹುಟ್ಟಿಕೊಂಡಿದ್ದಾನೆ. ಅವನಿಂದ ಅರ್ಜಿ ಹಾಕಿಸಿ, ಪ್ರಮಾಣಪತ್ರಗಳನ್ನು ಪರೀಕ್ಷಿಸಿ, ಕರೆದು ಕೂರಿಸುತ್ತಾರೆ. ಹೊರಡುವ ತಿಥಿಯನ್ನು ಬಂದ ದಿನವೇ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಕೊಲ್ಲಿ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಕಲಿಸುವ ನಮ್ಮವರನ್ನೂ, ನಮ್ಮದೇ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅದೇ ಇಂಗ್ಲಿಷನ್ನು ಕಲಿಸುವ ‘ಅತಿಥಿ ಉಪನ್ಯಾಸಕ’ರನ್ನೂ ಒಟ್ಟಿಗೆ ನೆನೆದಾಗಲೆಲ್ಲ ಈ ಶಬ್ದ ನನ್ನನ್ನು ಕಾಡುತ್ತದೆ.

ವಿಜಯಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಮನೆ ಸ್ಟೇಷನ್ ರಸ್ತೆಯ ಮಗ್ಗುಲಲ್ಲಿದೆ. ಜುಲೈ ತಿಂಗಳು ಬಂತೆಂದರೆ ಕೊಲ್ಲಿಯ ವಿಶ್ವವಿದ್ಯಾಲಯಗಳಿಗೆ ಬೇಸಿಗೆಯ ರಜೆ. ಅಲ್ಲಿಂದ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು ಈ ರಸ್ತೆಯಲ್ಲಿ ಎದುರಾಗಿ ‘ನಮಸ್ಕಾರ್ರೀ ಸರ್’ ಎನ್ನುತ್ತಾರೆ. ನಾನು ಕುಶಲ ವಿಚಾರಿಸುತ್ತೇನೆ. ಮೊದಲ ಉತ್ತರ ಆರೋಗ್ಯದ್ದಲ್ಲ, ಮಕ್ಕಳದ್ದೂ ಅಲ್ಲ. ‘ಈ ವರ್ಷ ನವೀಕರಣವಾಯಿತು’ ಎಂದೋ, ‘ಇನ್ನೂ ತಿಳಿದಿಲ್ಲ’ ಎಂದೋ ಹೇಳುತ್ತಾರೆ. ಮನುಷ್ಯನ ಕುಶಲವೆಲ್ಲ ಒಂದು ಶಬ್ದಕ್ಕೆ ಬಂದು ನಿಂತಿರುವುದನ್ನು ನಾನು ಹೀಗೆ ರಸ್ತೆಯ ಅಂಚಿನಲ್ಲಿ ನಿಂತೇ ಕಂಡುಕೊಂಡೆನು.

ಉದ್ಯೋಗಕ್ಕಾಗಿ ಅರಬ್ಬೀ ಸಮುದ್ರವನ್ನು ದಾಟುವುದು ಈ ಊರಿಗೆ ಹೊಸದಲ್ಲ. ದಾಟುವ ದಿಕ್ಕು ಮಾತ್ರ ತಿರುಗಿದೆ. ಆದಿಲಶಾಹಿಯ ಕಾಲದಲ್ಲಿ ಇರಾನ, ತುರ್ಕಿ, ಅರಬಸ್ಥಾನಗಳಿಂದ ಪಂಡಿತರೂ ಸೈನಿಕರೂ ಕವಿಗಳೂ ಸಂಬಳಕ್ಕಾಗಿ ಇಲ್ಲಿಗೆ ಬರುತ್ತಿದ್ದರು. ಅವರನ್ನು ‘ಆಫಾಕಿ’ಗಳೆಂದು ಕರೆಯುತ್ತಿದ್ದರು, ದಿಗಂತಗಳಿಂದ ಬಂದವರು ಎಂದು ಅದರ ಅರ್ಥ. ದಖನ್ನಿನ ಇತಿಹಾಸವನ್ನು ಬರೆದ ಫಿರಿಸ್ತಾ ಕಾಸ್ಪಿಯನ್ ಸಮುದ್ರದ ಬದಿಯ ಅಸ್ತರಾಬಾದಿನವನು; ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿದ್ದ ಕವಿ ಜುಹೂರಿಯೂ ಇರಾನದಿಂದ ಬಂದವನೇ. ಅವರ ನೌಕರಿಗೂ ಭದ್ರತೆ ಇರಲಿಲ್ಲ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಆದಿಲಶಹನು ಆಫಾಕಿಗಳಲ್ಲಿ ಬಹುಪಾಲು ಜನರನ್ನು ಸೇವೆಯಿಂದ ಬಿಡಿಸಿ, ಆ ಸ್ಥಾನಗಳಿಗೆ ದಖನಿಗಳನ್ನು ತಂದನು. ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನು. ಪಾರಸಿಯನ್ನು ನಂಬಿ ಬಂದವರು ಒಂದು ಬೆಳಗಿನಲ್ಲಿ ಬೇಡದವರಾದರು. 1558ರಲ್ಲಿ ಅವನ ಮಗ ಅಲಿ ಸಿಂಹಾಸನವೇರಿದಾಗ ಆಫಾಕಿಗಳಿಗೆ ಮತ್ತೆ ಬಾಗಿಲು ತೆರೆಯಿತು. ಅರಸನೊಬ್ಬನ ಮನಸ್ಸು ಬದಲಾದರೆ ಸಾಕು, ನೂರಾರು ಮನೆಗಳ ಒಲೆ ಆರುತ್ತಿತ್ತು, ಹೊತ್ತುತ್ತಿತ್ತು.

ಆದುದರಿಂದಲೇ ಸೌದಿ ಅರೇಬಿಯವು 2011ರಲ್ಲಿ ‘ನಿತಾಕತ್’ ಎಂಬ ನಿಯಮವನ್ನು ಜಾರಿಗೆ ತಂದಾಗ ವಿಜಯಪುರದವರಾದ ನಾವು ಅದನ್ನು ಕೇಳರಿಯದ ಅನ್ಯಾಯವೆಂದು ಹೇಳುವಂತಿಲ್ಲ. ಖಾಸಗಿ ಕಂಪನಿಗಳಲ್ಲಿ ಸ್ವದೇಶೀಯರ ಪ್ರಮಾಣ ಎಷ್ಟಿದೆಯೆಂದು ನೋಡಿ, ಅವಕ್ಕೆ ಕೆಂಪು, ಹಸಿರು ಮೊದಲಾದ ವರ್ಗಗಳನ್ನು ಗೊತ್ತುಪಡಿಸುವ ಪದ್ಧತಿ ಅದು. ಕೆಂಪು ವರ್ಗದ ಕಂಪನಿಗೆ ಪರದೇಶದ ನೌಕರರ ಪರವಾನಗಿಯನ್ನು ನವೀಕರಿಸುವುದು ದುಸ್ತರವಾಗುತ್ತದೆ. ಓಮಾನಿನಲ್ಲಿ ಇಂಥ ಸ್ವದೇಶೀಕರಣದ ನೀತಿ ಇನ್ನೂ ಹಳೆಯದು. ಓದಿ ಬಂದ ಮಗನಿಗೆ ತನ್ನ ಊರಿನಲ್ಲಿಯೇ ಉದ್ಯೋಗ ಸಿಗಬೇಕೆಂದು ಅಲ್ಲಿಯ ತಂದೆ ಬಯಸಿದರೆ ಅದರಲ್ಲಿ ತಪ್ಪೇನಿದೆ? ನಮ್ಮ ತಂದೆಗಳೂ ಅದನ್ನೇ ಬಯಸುತ್ತಾರೆ.

ಆದರೆ ನೀತಿಯ ನ್ಯಾಯ ಬೇರೆ, ಅದರ ಕೆಳಗೆ ಬದುಕುವವನ ಅವಸ್ಥೆ ಬೇರೆ. ನನ್ನ ಶಿಷ್ಯನೊಬ್ಬನ ಸಂಗತಿಯನ್ನು ಹೇಳುತ್ತೇನೆ. ಅರಬ್ಬೀ ಮಾಧ್ಯಮದಲ್ಲಿ ಶಾಲೆ ಮುಗಿಸಿದ ಹುಡುಗರು ವೈದ್ಯಕ್ಕೆ, ಎಂಜಿನಿಯರಿಂಗಿಗೆ ಹೋಗಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು. ಅದಕ್ಕಾಗಿ ಸೌದಿಯ ವಿಶ್ವವಿದ್ಯಾಲಯಗಳಲ್ಲಿ ಪೂರ್ವಸಿದ್ಧತೆಯ ಒಂದು ವರ್ಷವಿದೆ. ಆತ ಅಂಥ ವರ್ಗಕ್ಕೆ ಹನ್ನೆರಡು ವರ್ಷ ಕಲಿಸಿದನು. ಪಾಠ ವಿಶ್ವವಿದ್ಯಾಲಯದ ಕೊಠಡಿಯಲ್ಲಿ. ಕರಾರು ಮಾತ್ರ ಅಧ್ಯಾಪಕರನ್ನು ಒದಗಿಸುವ ಒಂದು ಕಂಪನಿಯೊಡನೆ. ಕಂಪನಿಯ ಗುತ್ತಿಗೆ ಮುಗಿದರೆ ಅವನ ನೌಕರಿ ಮುಗಿಯಿತು. ನೌಕರಿ ಮುಗಿದರೆ ಆ ದೇಶದಲ್ಲಿ ಇರುವ ಹಕ್ಕೂ ಮುಗಿಯಿತು. 2017ರ ಜುಲೈಯಿಂದ ಅಲ್ಲಿ ಆಶ್ರಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲಿನ ಶುಲ್ಕ ಬಂದಿತು. ವರ್ಷವರ್ಷಕ್ಕೆ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ, ಎರಡು ಮಕ್ಕಳಿಗೆಂದು ಲೆಕ್ಕ ಹಾಕಿದರೆ ವರ್ಷಕ್ಕೆ 14,400 ರಿಯಾಲು. ಆ ಲೆಕ್ಕವನ್ನು ಮುಂದಾಗಿಯೇ ಹಾಕಿದ ಅವನು ಮನೆಯವರನ್ನು ಊರಿಗೆ ಕಳಿಸಿದನು. ಆಮೇಲೆ ಮಕ್ಕಳು ತಂದೆಯನ್ನು ಕಂಡದ್ದು ಶುಕ್ರವಾರದ ಫೋನಿನಲ್ಲಿ.

ಅವನು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ‘ಸರ್, ಹನ್ನೆರಡು ವರ್ಷದಲ್ಲಿ ನಾನು ಒಂದು ಪುಸ್ತಕದ ಕಪಾಟನ್ನೂ ಕೊಳ್ಳಲಿಲ್ಲ. ವಿಮಾನದಲ್ಲಿ ಒಯ್ಯಲಾಗದ್ದನ್ನು ಕೊಂಡರೆ ಬಿಟ್ಟು ಹೋಗಬೇಕಾಗುತ್ತದಲ್ಲ!’ ಕಪಾಟಿಲ್ಲದ ಸಾಹಿತ್ಯದ ಅಧ್ಯಾಪಕನನ್ನು ಕಲ್ಪಿಸಿಕೊಳ್ಳಿರಿ. ಅಷ್ಟೇ ಅಲ್ಲ, ನವೀಕರಣದ ಕಾಲಕ್ಕೆ ವಿದ್ಯಾರ್ಥಿಗಳ ಅಭಿಪ್ರಾಯವನ್ನೂ ನೋಡುತ್ತಾರಂತೆ. ಆದುದರಿಂದ ಸೋಲಬೇಕಾದ ಹುಡುಗನನ್ನು ಸೋಲಿಸಲು ಕೈ ಹಿಂಜರಿಯುತ್ತದೆ. ಆ ತಿಂಗಳುಗಳಲ್ಲಿ ಅಧ್ಯಾಪಕರ ಕೋಣೆ ನಮ್ಮ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಾಗುತ್ತದೆ: ಒಂದು ಮೂಲೆಯಲ್ಲಿ ಉಸುರಿದ ಸುದ್ದಿ ಎದುರು ಮೂಲೆಗೆ ಮುಟ್ಟಿ, ಹಲವು ಸಲ ಮರುದನಿಗೊಟ್ಟು, ಯಾರು ಹೇಳಿದರೆಂಬುದೇ ತಿಳಿಯದಾಗುತ್ತದೆ. ಭಯದಲ್ಲಿರುವ ಅಧ್ಯಾಪಕನು ಮೊದಲು ಕಳೆದುಕೊಳ್ಳುವುದು ಸಂಬಳವನ್ನಲ್ಲ, ‘ಇದು ತಪ್ಪು’ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಧೈರ್ಯವನ್ನು.

ಇಷ್ಟಾಗಿಯೂ ಆ ವ್ಯವಸ್ಥೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಪರದೇಶದವನ ಕರಾರಿಗೆ ಅವಧಿ ಇರುತ್ತದೆಂದು ಅಲ್ಲಿಯ ಕಾನೂನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹೋಗುವಾಗ ಕೈಗೆ ಕೊಡಬೇಕಾದ ಇಡಿಗಂಟನ್ನೂ ಗೊತ್ತುಮಾಡಿದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ವೇತನ, ಅನಂತರ ವರ್ಷಕ್ಕೆ ಒಂದು ತಿಂಗಳದು. ನಿರಂತರವಾಗಿ ಹನ್ನೆರಡು ವರ್ಷ ದುಡಿದವನಿಗೆ ಒಂಬತ್ತೂವರೆ ತಿಂಗಳ ವೇತನ ಬರುತ್ತದೆ. ನಿವೃತ್ತಿವೇತನವಿಲ್ಲ, ಪೌರತ್ವದ ಆಸೆಯೂ ಇಲ್ಲ. ನೀನು ಪರಕೀಯ, ಒಂದು ದಿನ ಹೋಗುವವನು ಎಂದು ಮೊದಲೇ ಹೇಳಿದ್ದಾರೆ. ಅವನೂ ಒಪ್ಪಿಯೇ ಹೋಗಿದ್ದಾನೆ.

ಹಾಗಾದರೆ ತನ್ನ ಊರಿನಲ್ಲಿಯೇ ಅತಿಥಿಯಾದವಳಿಗೆ ನಾವೇನು ಹೇಳಿದ್ದೇವೆ? ನನ್ನ ಇನ್ನೊಬ್ಬ ಶಿಷ್ಯೆ ಹದಿನೈದು ವರ್ಷಗಳಿಂದ ಇದೇ ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಆಯ್ಕೆ. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಅವಳ ಪಾಠದ ಗಂಟೆಗಳು ಕರಗುತ್ತವೆ. 2022ರ ಜನವರಿಯ ತನಕ ಅವಳಂಥವರಿಗೆ ತಿಂಗಳಿಗೆ ಸಿಗುತ್ತಿದ್ದುದು ಅರ್ಹತೆಯನ್ನು ನೋಡಿ 11,000 ಅಥವಾ 13,000 ರೂಪಾಯಿ. ಆಗ ಸರ್ಕಾರವು ಗೌರವಧನವನ್ನು 26,000ದಿಂದ 32,000ದವರೆಗೆ ಏರಿಸಿತು. ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಹೆಚ್ಚಿಸಿತು. ಏರಿಕೆ ನಿಜವೇ. ಆದರೆ ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೆ ಬಂದಾಗ ಇನ್ನೊಬ್ಬರು ಮನೆಗೆ ಹೋಗಬೇಕಾಯಿತು. 2023ರ ನವೆಂಬರಿನಲ್ಲಿ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಿಟ್ಟು ಮುಷ್ಕರ ಹೂಡಿದರು. ಅದರ ಫಲವಾಗಿ 2024ರ ಜನವರಿಯಿಂದ ಸೇವೆಯ ಅವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳವೂ, ಅರವತ್ತು ತುಂಬಿದವರಿಗೆ 5 ಲಕ್ಷದವರೆಗೆ ಇಡಿಗಂಟೂ ಘೋಷಿತವಾದವು. ಕಾಯಂ ಆಗಿ ಸೇರುವ ಸಹಾಯಕ ಪ್ರಾಧ್ಯಾಪಕನ ಮೊದಲ ದಿನದ ಮೂಲವೇತನ 57,700 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಾನೇ ತಿಳಿಯುತ್ತದೆ.

ಹಣದ ಮಾತು ಸಾಕು. ಅವಳಿಗೆ ಗೊತ್ತಿರುವ ಒಂದು ವಿಷಯವನ್ನು ಹೇಳುತ್ತೇನೆ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಯ ತೋಟಗಳು ಹೆಚ್ಚು. ಹಣ್ಣು ಕೊಯ್ದು ಒಣದ್ರಾಕ್ಷಿ ಮಾಡುವ ದಿನಗಳಲ್ಲಿ ಹಿಂದಿನ ಬೆಂಚಿನ ಹುಡುಗರು ಕೆಲಸಕ್ಕೆ ಹೋಗಿಬಿಡುತ್ತಾರೆ. ಮೊದಲ ಎರಡು ವರ್ಷ ಅವಳಿಗೆ ಇದು ಹೊಳೆಯಲಿಲ್ಲ; ಮೂರನೆಯ ವರ್ಷ ಕಠಿಣವಾದ ವ್ಯಾಕರಣವನ್ನೆಲ್ಲ ಡಿಸೆಂಬರದೊಳಗೆ ಮುಗಿಸಿ, ಕೊಯ್ಲಿನ ತಿಂಗಳುಗಳಿಗೆ ಕಥೆ, ಪತ್ರಲೇಖನ ಇಟ್ಟುಕೊಂಡಳು. ಹುಡುಗರು ಅರ್ಧ ಪಾಠ ತಪ್ಪಿಸಿಕೊಂಡರೂ ಎಳೆ ತಪ್ಪಲಿಲ್ಲ. ಕನ್ನಡ ಮಾಧ್ಯಮದ ಹುಡುಗಿ ಇಂಗ್ಲಿಷ್ ಕ್ರಿಯಾಪದದಲ್ಲಿ ಎಲ್ಲಿ ಎಡವುತ್ತಾಳೆ, ಯಾವಳ ಮದುವೆ ನಿಶ್ಚಯವಾಗಿ ಓದು ನಿಲ್ಲಲಿದೆ, ಯಾರ ತಂದೆಯನ್ನು ಕರೆದು ಮಾತಾಡಿದರೆ ಉಪಯೋಗವಾದೀತು, ಇವೆಲ್ಲ ಯಾವ ಪ್ರಮಾಣಪತ್ರದಲ್ಲಿಯೂ ಬರೆದಿರುವುದಿಲ್ಲ. ಒಂದೇ ಊರಿನಲ್ಲಿ ಹಲವು ಮಳೆಗಾಲ ಕಳೆದಾಗ ಮಾತ್ರ ಬರುವ ವಿದ್ಯೆ ಇದು. ಅವಳನ್ನು ಕಳೆದ ವರ್ಷ ಬೇರೆ ತಾಲೂಕಿಗೆ ಹಾಕಿದರು. ಆ ವಿದ್ಯೆ ಇಲ್ಲಿಯೂ ಉಳಿಯಲಿಲ್ಲ, ಅಲ್ಲಿಯೂ ಕೆಲಸಕ್ಕೆ ಬರಲಿಲ್ಲ.

ಕನ್ನಡದ ಮಟ್ಟಿಗೆ ಇದೊಂದು ಸಾಹಿತ್ಯದ ಪ್ರಶ್ನೆಯೂ ಹೌದು. ನಮ್ಮ ನವೋದಯ, ನವ್ಯ ಎರಡನ್ನೂ ಕಟ್ಟಿದವರಲ್ಲಿ ಇಂಗ್ಲಿಷ್ ಅಧ್ಯಾಪಕರು ಎಷ್ಟು ಜನ! ಬಿ.ಎಂ.ಶ್ರೀ., ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಶಾಂತಿನಾಥ ದೇಸಾಯಿ. ಗುಜರಾತಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡ ವಿಮರ್ಶೆಯನ್ನು ಬೆಳೆಸಿದ ಕುರ್ತಕೋಟಿ. ಹಗಲು ಷೇಕ್ಸ್‌ಪಿಯರನನ್ನು ಕಲಿಸಿ ರಾತ್ರಿ ಕನ್ನಡ ಬರೆಯಲು ಪ್ರತಿಭೆಯಷ್ಟೇ ಬೇಕಾದುದು ನಾಳೆಯ ಚಿಂತೆಯಿಲ್ಲದ ಒಂದು ಮೇಜು. ‘ಬೇಂದ್ರೆಯವರಿಗೆ ಯಾವ ಭದ್ರತೆ ಇತ್ತು?’ ಎಂದು ಕೇಳುವವರುಂಟು. ನಿಜ, ‘ನರಬಲಿ’ ಕವನಕ್ಕಾಗಿ 1932ರಲ್ಲಿ ಸೆರೆಮನೆ ಕಂಡ ಅವರಿಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ನೆಲೆ ಸಿಕ್ಕದ್ದು 1944ರಲ್ಲಿ. ಬೇಂದ್ರೆಯವರು ಬವಣೆಯಲ್ಲಿಯೂ ಬರೆದರು, ಆ ಕೀರ್ತಿ ಬೇಂದ್ರೆಯವರದು. ಬವಣೆಯನ್ನೇ ಸೇವಾನಿಯಮವನ್ನಾಗಿ ಮಾಡಿದವರಿಗೆ ಆ ಕೀರ್ತಿಯಲ್ಲಿ ಪಾಲಿಲ್ಲ.

ಪರಿಹಾರ ಸುಲಭವೆಂದು ನಾನು ಹೇಳುವುದಿಲ್ಲ. 2006ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ತಾತ್ಕಾಲಿಕವಾಗಿ ಸೇರಿದವರು ಬಹುಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕನ್ನು ಪಡೆಯುವುದಿಲ್ಲವೆಂದು ತೀರ್ಪಿತ್ತಿದೆ. ಹೊರಗೆ ಕಾದಿರುವ ಅರ್ಹರಿಗೂ ಸ್ಪರ್ಧಿಸುವ ಅವಕಾಶ ಬೇಕೆಂಬ ಅದರ ತರ್ಕವನ್ನು ತಳ್ಳಿಹಾಕಲಾಗದು. ಆದರೆ ಅದೇ ನ್ಯಾಯಾಲಯ 2025ರ ಆಗಸ್ಟಿನಲ್ಲಿ, ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರಿಗೆ ಸಹಾಯಕ ಪ್ರಾಧ್ಯಾಪಕರ ಕನಿಷ್ಠ ವೇತನಶ್ರೇಣಿಯನ್ನು ಕೊಡಬೇಕೆಂದು ಹೇಳಿತು. ಈ ಎರಡು ತೀರ್ಪುಗಳ ನಡುವೆ ನಡೆಯಲು ಸಾಕಷ್ಟು ದಾರಿಯಿದೆ. ಖಾಲಿ ಹುದ್ದೆಗಳಿಗೆ ಕಾಲಕಾಲಕ್ಕೆ ನೇಮಕ ನಡೆಯಲಿ. 2021ರಲ್ಲಿ ಕರೆದ 1,242 ಹುದ್ದೆಗಳಿಗೆ ಆದಂತೆ ವರ್ಷಗಟ್ಟಲೆ ಎಳೆಯದಿರಲಿ. ಅಲ್ಲಿಯವರೆಗೆ ಕರಾರು ಒಂದು ವರ್ಷದ್ದಾಗದೆ ಮೂರು ವರ್ಷದ್ದಾಗಲಿ. ಒಂದು ತಂಡದ ಹುಡುಗರು ಸೇರಿ ಪದವಿ ಪಡೆದು ಹೊರಡುವವರೆಗೆ ಒಬ್ಬ ಗುರುವಾದರೂ ಅವರ ಜೊತೆಗಿರಲಿ. ಬಿಡಿಸುವುದಾದರೆ ಒಂದು ಶೈಕ್ಷಣಿಕ ಅವಧಿ ಮೊದಲೇ ತಿಳಿಸಲಿ. ಕೊಲ್ಲಿಗೆ ಹೋಗುವ ತರುಣರಿಗೂ ನನ್ನದೊಂದು ಮಾತುಂಟು: ಕರಾರು ಯಾರೊಡನೆ, ವಿಶ್ವವಿದ್ಯಾಲಯದೊಡನೆಯೋ ಕಂಪನಿಯೊಡನೆಯೋ ಎಂಬುದನ್ನು ಸಂಬಳದ ಅಂಕಿಗಿಂತ ಮೊದಲು ಓದಿರಿ.

ಕೊಲ್ಲಿಯಿಂದ ಬಂದ ನನ್ನ ಶಿಷ್ಯ ಈಗ ಊರಿನಲ್ಲಿಯೇ ಇದ್ದಾನೆ. ಮೊನ್ನೆ ಬಡಗಿಯನ್ನು ಕರೆಸಿ ಒಂದು ಕಪಾಟು ಮಾಡಿಸಿದನು. ಅತಿಥಿ ಉಪನ್ಯಾಸಕನ ಹುದ್ದೆಗೆ ಅರ್ಜಿಯನ್ನೂ ಹಾಕಿದ್ದಾನೆ.