ಬೆಳಕಿನ ಹನಿಗೆ ಎಷ್ಟು ದೊಡ್ಡ ಬಟ್ಟಲು?

ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಅಮಾವಾಸ್ಯೆಯ ಇರುಳು ಅಂಗಳಕ್ಕಿಳಿದು ತಲೆಯೆತ್ತಿದರೆ ಕಾಣುವ ನಕ್ಷತ್ರಗಳಿಗಿಂತ ಕಾಣದವೇ ಹೆಚ್ಚು. ಕತ್ತಲೆಯಲ್ಲಿ ಅರಳಿದ ಕಣ್ಣಪಾಪೆಯ ಅಗಲ 7 ಮಿಲಿಮೀಟರಿನಷ್ಟೇ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ ಹಿಮಾಲಯ ಚಂದ್ರ ದೂರದರ್ಶಕದ ಕನ್ನಡಿಯ ಅಗಲವಾದರೋ 2 ಮೀಟರ್. ಅದು ಕಣ್ಣಿಗಿಂತ ಸುಮಾರು 80 ಸಾವಿರ ಪಟ್ಟು ಬೆಳಕನ್ನು ಬಾಚಿಕೊಳ್ಳುತ್ತದೆ. 2000ದಲ್ಲಿ ಕಣ್ತೆರೆದ ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ!

ಬಂದ ಬೆಳಕನ್ನು ಹಿಡಿಯುವವು ಕ್ಯಾಮೆರಾದ ಪಿಕ್ಸೆಲುಗಳೆಂಬ ಸೂಕ್ಷ್ಮ ಬಟ್ಟಲುಗಳು. ಅವು ದೊಡ್ಡವಿರಬೇಕೋ, ಸಣ್ಣವೋ? ತುಂತುರು ಮಳೆಗೆ ಒಂದು ದೊಡ್ಡ ಪಾತ್ರೆಯನ್ನಿಟ್ಟರೂ, ಅಷ್ಟೇ ಜಾಗದಲ್ಲಿ 25 ಬಟ್ಟಲುಗಳನ್ನು ಒತ್ತಾಗಿ ಜೋಡಿಸಿದರೂ ಬೀಳುವ ನೀರು ಒಂದೇ. ಆದರೆ ಅಳೆಯುವಾಗ ಪ್ರತಿ ಬಟ್ಟಲಿಗೂ ಕೊಂಚ ತಪ್ಪು ಸೇರುತ್ತದೆ. 15 ಮೈಕ್ರಾನಿನ ಒಂದು ಪಿಕ್ಸೆಲಿನ ಜಾಗದಲ್ಲಿ 3 ಮೈಕ್ರಾನಿನವು 25 ಹಿಡಿಸುತ್ತವೆ. ಒಂದೊಂದರ ಎಣಿಕೆಯಲ್ಲಿಯೂ ಅಷ್ಟೇ ತಪ್ಪಿದ್ದರೆ, ಹೆಚ್ಚುಕಡಮೆಗಳು ಪರಸ್ಪರ ಕಳೆದೂ ಒಟ್ಟು ತಪ್ಪು 5 ಪಟ್ಟು ಉಳಿಯುತ್ತದೆ. ಮಂದ ನಕ್ಷತ್ರವೊಂದು ಅದರಲ್ಲಿಯೇ ಮುಳುಗಿಹೋದೀತು.

ಹಾಗೆಂದು ಬಟ್ಟಲನ್ನು ಮಿತಿಮೀರಿ ಹಿಗ್ಗಿಸುವಂತೆಯೂ ಇಲ್ಲ. ನೆರೆಹೊರೆಯ ಎರಡು ನಕ್ಷತ್ರಗಳು ಒಂದರಲ್ಲಿಯೇ ಬಿದ್ದು ಒಂದಾಗಿ ಕಂಡಾವು. ಗಾಳಿಯ ಅಲುಗಾಟದಿಂದ ಹಾನ್ಲೆಯಲ್ಲಿಯೂ ನಕ್ಷತ್ರದ ಬಿಂಬ ಸುಮಾರು ಒಂದು ವಿಕಲೆಯಷ್ಟು, ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು, ಹರಡುತ್ತದೆ. ಅಲ್ಲಿಯ ಕ್ಯಾಮೆರಾವೊಂದರ 15 ಮೈಕ್ರಾನಿನ ಪಿಕ್ಸೆಲು ನೋಡುವುದು ಅದರ ಮೂರನೆಯ ಒಂದು ಪಾಲು ಆಕಾಶವನ್ನು. ಬಿಂಬವು ಎರಡು ಮೂರು ಪಿಕ್ಸೆಲುಗಳ ಅಗಲಕ್ಕೆ ಹರಡಿದರೆ ಸಾಕು. ಅದಕ್ಕಿಂತ ಸಣ್ಣದಾಗಿ ಕತ್ತರಿಸಿದರೆ ವಿವರವೇನೂ ಹೆಚ್ಚದು.

ಶ್ರೀರಂಗಪಟ್ಟಣದಲ್ಲಾಗಲಿ, ಪಾಂಡವಪುರ, ಕೆ.ಆರ್. ಪೇಟೆಗಳಲ್ಲಾಗಲಿ, ಪುಟ್ಟ ದೂರದರ್ಶಕಕ್ಕೆ ಕ್ಯಾಮೆರಾ ಕೊಳ್ಳಹೊರಟ ತರುಣನು ಪಿಕ್ಸೆಲುಗಳ ಸಂಖ್ಯೆಗೆ ಮರುಳಾಗದೆ, ಒಂದೊಂದು ಎಷ್ಟು ಆಕಾಶವನ್ನು ನೋಡುತ್ತದೆಂದು ಮೊದಲು ಲೆಕ್ಕ ಹಾಕಲಿ. ಬೆಳಕನ್ನು ತರುವುದು ಕನ್ನಡಿ. ಹಂಚುವುದಷ್ಟೇ ಪಿಕ್ಸೆಲಿನ ಕೆಲಸ.