ಗುಡ್ಡ ಸೀಳಿ ಹರಿಯುವ ಮಲಪ್ರಭೆ

ಗುಳೇದಗುಡ್ಡದ ದಕ್ಷಿಣಕ್ಕೆ, ಬಾದಾಮಿಯಿಂದ ಐಹೊಳೆಯವರೆಗೆ ಹಬ್ಬಿದ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಹಾಯುವ ಮಲಪ್ರಭೆಯು ಕೃಷ್ಣೆಯ ಉಪನದಿಗಳಲ್ಲಿ ಚಿಕ್ಕದಾದರೂ ಭೂವಿಜ್ಞಾನದ ಕಣ್ಣಿಗೆ ಸಾಧಾರಣ ನದಿಯಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 790 ಮೀಟರ್ ಎತ್ತರದ ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ 300 ಕಿಲೋಮೀಟರಿಗಿಂತ ತುಸು ಹೆಚ್ಚು ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆ ಮುಖ್ಯವಾಗಿ ಘಟ್ಟದ ಮಳೆಯನ್ನೇ ನಂಬಿದೆ. ಬಾಗಲಕೋಟೆ ಸೀಮೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ನದಿ ಗುಡ್ಡವನ್ನು ಬಳಸಿ ಹೋಗಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಮಲಪ್ರಭೆಯಾದರೋ ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಗಟ್ಟಿ ಕಲ್ಲಿನ ಸಾಲನ್ನೇ ಸೀಳಿಕೊಂಡು ಇಕ್ಕಟ್ಟಾದ ಕಂದರದಲ್ಲಿ ಹಾಯುತ್ತದೆ. ಇಂತಹ ನಡೆಗೆ ಭೂವಿಜ್ಞಾನ ಕೊಡುವ ವಿವರಣೆಯೆಂದರೆ, ನೆಲದ ಮೇಲ್ಮೈ ಇಂದಿಗಿಂತ ಎತ್ತರದಲ್ಲಿದ್ದ ಕಾಲದಲ್ಲೇ ನದಿ ತನ್ನ ಹಾದಿ ಹಿಡಿದಿರುತ್ತದೆ. ಸುತ್ತಲಿನ ಮೆದು ಶಿಲೆ ಸವೆದು ತಗ್ಗಾಗುತ್ತ, ಗಟ್ಟಿ ಶಿಲೆ ಗುಡ್ಡವಾಗಿ ಉಳಿಯುತ್ತ ಹೋದಂತೆ, ಪಾತ್ರ ಬಿಟ್ಟು ಸರಿಯಲಾರದ ನದಿ ಇದ್ದಲ್ಲೇ ಕೊರೆಯುತ್ತ ಕೆಳಗಿಳಿಯುತ್ತದೆ. ಹೀಗೆ ಹಳೆಯ ನೆಲದ ಹಾದಿಯನ್ನು ಅಡಿಯ ಬಂಡೆಯ ಮೇಲೆ ಹೇರುವ ನದಿಗೆ ಅಧ್ಯಾರೋಪಿತ ನದಿ ಎಂದು ಹೆಸರು.

ಕೆಳಗಣ ಕಣಿವೆಯ ಕಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. ಕಲಾದಗಿ ಶಿಲಾಸಮೂಹದ ಮೇಲ್ಪದರವಾದ ಬಾದಾಮಿ ಮರಳುಗಲ್ಲು, ನೆಲದ ಮೇಲೆ ಗಿಡಮರಗಳೇ ಹುಟ್ಟಿರದ ಕಾಲದಲ್ಲಿ ಬಹುಮಟ್ಟಿಗೆ ನದಿಗಳೇ ತಂದು ಹರವಿದ ಮರಳು. ಬಾದಾಮಿಯ ಗುಹೆಗಳ ಗೋಡೆಯನ್ನು ಹತ್ತಿರದಿಂದ ನೋಡಿದರೆ, ಸಮತಲದ ಪದರಗಳ ನಡುವೆ ಓರೆಯಾಗಿ ಇಳಿಯುವ ಕೆಂಪು, ಬಿಳಿ, ಹಳದಿ ಗೆರೆಗಳು ಕಾಣುತ್ತವೆ. ನೀರಿನ ಸೆಳವು ಯಾವ ಕಡೆಗಿತ್ತೆಂಬುದನ್ನು ಆ ಓರೆಯಿಂದ ಓದಬಹುದು. ಆ ಪುರಾತನ ನದಿಗಳ ಮರಳನ್ನು ಇಂದಿನ ಮಲಪ್ರಭೆ ಸವೆಸುತ್ತಿದೆ.

ಈ ದಂಡೆಯ ಜಲ್ಲಿಪದರಗಳಲ್ಲಿ ಹಳೆಯ ಶಿಲಾಯುಗದ ಆಯುಧಗಳು ದೊರೆತಿವೆ. 19ನೆಯ ಶತಮಾನದಲ್ಲಿ ಈ ಸೀಮೆಯ ಭೂಸರ್ವೇಕ್ಷಣೆ ನಡೆಸಿದ ರಾಬರ್ಟ್ ಬ್ರೂಸ್ ಫೂಟ್ ಅವುಗಳನ್ನು ಗುರುತಿಸಿದರೆ, ಖ್ಯಾಡ ಮೊದಲಾದ ನೆಲೆಗಳ ಕುರಿತ ಆರ್. ವಿ. ಜೋಶಿಯವರ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಮುಂದೆ ಚಾಲುಕ್ಯರಿಗೆ ಇದೇ ಕಲ್ಲು ಕೈಗೂಡಿತು. ಪದರಪದರವಾಗಿ ಬಿಡುವ, ಉಳಿಗೆ ಒಗ್ಗುವ ಮರಳುಗಲ್ಲು ಕೈಯಳತೆಯಲ್ಲಿರದಿದ್ದರೆ ಐಹೊಳೆ, ಪಟ್ಟದಕಲ್ಲುಗಳಲ್ಲಿ ಅಷ್ಟೊಂದು ಗುಡಿಗಳು ಏಳುತ್ತಿದ್ದವೆಂದು ಊಹಿಸುವುದು ಕಷ್ಟ. ಪಟ್ಟದಕಲ್ಲಿನ ಬಳಿ ಹೊಳೆ ಉತ್ತರಕ್ಕೆ ಹೊರಳುತ್ತದೆ. ಉತ್ತರವಾಹಿನಿಯ ದಂಡೆ ಪವಿತ್ರವೆಂಬ ನಂಬಿಕೆಯೂ ಆ ಸ್ಥಳದ ಮಹತ್ವವನ್ನು ಹೆಚ್ಚಿಸಿತು.

ನವಿಲುತೀರ್ಥದ ಇಕ್ಕಟ್ಟು ಇಪ್ಪತ್ತನೆಯ ಶತಮಾನದ ಎಂಜಿನಿಯರರಿಗೂ ಅನುಕೂಲವಾಗಿ, ಅಲ್ಲಿ 1970ರ ದಶಕದಲ್ಲಿ ಸಿದ್ಧವಾದ ಅಣೆಕಟ್ಟಿನ ಹಿಂದೆ 37.73 ಟಿಎಂಸಿ ಅಡಿ ಸಾಮರ್ಥ್ಯದ ರೇಣುಕಾಸಾಗರ ನಿಂತಿತು. ಅಂದಿನಿಂದ ಕೆಳಗಿನ ಪಾತ್ರ ವರ್ಷದ ಹೆಚ್ಚು ಕಾಲ ಬತ್ತಿರುತ್ತದೆ. ಬತ್ತಿದ ಪಾತ್ರಕ್ಕೆ ಹೊಲಗಳು ಇಳಿದುಬರುತ್ತವೆ. ಜಲಾಶಯ ತುಂಬಿ ನೀರು ಬಿಟ್ಟಾಗ, ಎರೆಸೀಮೆಯಿಂದ ಬರುವ ಬೆಣ್ಣಿಹಳ್ಳವೂ ಉಕ್ಕಿದರೆ, ಕಿರಿದಾದ ಪಾತ್ರ ಅದನ್ನೆಲ್ಲ ತಾಳುವುದಿಲ್ಲ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ನುಗ್ಗಿತು. ಅದನ್ನು ಕೇವಲ ಮಳೆಯ ತಪ್ಪೆನ್ನುವುದು ಸರಿಯಲ್ಲ. ಹೊಳೆಯ ಹಳೆಯ ಅಗಲವನ್ನು ಅಳೆದು ಗುರುತು ಕಲ್ಲು ನೆಡದ ಹೊರತು, ದಂಡೆಯ ಹಳ್ಳಿಗಳಿಗೆ ಪ್ರವಾಹದ ಭಯ ತಪ್ಪದು.