ದಕ್ಕೆಯ ಮೇಲಿನ ತಕ್ಕಡಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯವ್ಯದಲ್ಲಿ, 105ನೇ ಹೆದ್ದಾರಿ ಕೊನೆಗಾಣುವ ಕಡೆ, ರೆಡ್ ಲೇಕ್ ಪಟ್ಟಣವಿದೆ. ಅದರಾಚೆಗೆ ಕರಿಬಂಡೆ, ಸ್ಪ್ರೂಸ್ ಕಾಡು, ಲೆಕ್ಕಕ್ಕೆ ಸಿಗದಷ್ಟು ಸರೋವರಗಳು. ಬಹುಪಾಲು ಸರೋವರಗಳಿಗೆ ರಸ್ತೆಯೇ ಇಲ್ಲ. ಗಾಳ ಹಾಕಲು ಅಲ್ಲಿಗೆ ಹೋಗಬೇಕೆಂದರೆ ನೀರಿನಿಂದಲೇ ಏರಿ ನೀರಿನ ಮೇಲೇ ಇಳಿಯುವ ಪುಟ್ಟ ವಿಮಾನವೇ ಗತಿ.

ಊರಿನ ಹೋವಿ ಕೊಲ್ಲಿಯಲ್ಲಿ ಬೆಳಗಾಗುವುದೇ ಪಂಪಿನ ಸದ್ದಿನೊಂದಿಗೆ. ಪೈಲಟ್ ವಿಮಾನವನ್ನು ನೀರಿನ ಮೇಲೆ ತೇಲಿಸುವ ಫ್ಲೋಟಿನ ಮೇಲೆ ಬಗ್ಗಿ ನಿಂತು, ಅದರ ಒಂದೊಂದು ಕೋಣೆಯ ಬಾಯಿಗೆ ಒತ್ತಿರುವ ರಬ್ಬರ್ ಚೆಂಡನ್ನು ಕಿತ್ತು, ಕೈಪಂಪು ಇಳಿಸಿ, ರಾತ್ರಿ ಒಸರಿದ ನೀರನ್ನು ಎಳೆದು ಹೊರಗೆ ಚೆಲ್ಲುತ್ತಾನೆ. ಚೆಂಡನ್ನು ಮತ್ತೆ ಒತ್ತಿ ಮುಂದಿನ ಕೋಣೆಗೆ ಸರಿಯುತ್ತಾನೆ. ಒಳಗೆ ಉಳಿದ ಒಂದೊಂದು ಬಕೆಟ್ ನೀರೂ ವಿಮಾನಕ್ಕೆ ಹೊರೆ. 1926ರಲ್ಲಿ ಚಿನ್ನದ ಆಸೆಗೆ ಜನ ಇಲ್ಲಿಗೆ ನುಗ್ಗಿದಾಗಿನಿಂದ ಈ ಕೊಲ್ಲಿ ವಿಮಾನಗಳ ಅಂಗಳ. 1935ರಲ್ಲಿ ಮೊದಲು ಹಾರಿದ ನಾರ್ಸ್‌ಮನ್ ವಿಮಾನದ ಹೆಸರಿನಲ್ಲಿ ಊರವರು ಈಗಲೂ ಹಬ್ಬ ಮಾಡುತ್ತಾರೆ. 1947ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ಬೀವರ್ ವಿಮಾನವಂತೂ ಇಂದಿಗೂ ದುಡಿಯುತ್ತಿದೆ. 450 ಅಶ್ವಶಕ್ತಿಯ ದುಂಡು ಎಂಜಿನ್ನು. ಅದಕ್ಕೆ ಎಣ್ಣೆ ಹೊಯ್ಯುವ ಬಾಯಿ ಪೈಲಟ್ ಕೂರುವ ಕೋಣೆಯೊಳಗೇ ಇದೆ. ಕೊರೆಯುವ ಚಳಿಯಲ್ಲಿ ಹೊರಗೆ ಏಣಿ ಹತ್ತುವ ಕಷ್ಟ ಬಲ್ಲವರು ಯೋಚಿಸಿ ಮಾಡಿದ ಕೆಲಸ ಅದು.

ಆದರೆ ನಮ್ಮ ಪ್ರವಾಸ ಶುರುವಾಗುವುದು ಇಲ್ಲಲ್ಲ. ಟೊರೊಂಟೊದ ಮನೆಯಲ್ಲಿ, ಹೊರಗೆ ಹಿಮ ಬೀಳುವ ಜನವರಿಯಲ್ಲಿ, ಊಟದ ಮೇಜಿನ ಮೇಲೆ ನಕ್ಷೆ ಹರಡಿದಾಗ. ಕ್ಯಾಬಿನ್, ದೋಣಿ, ಮೋಟಾರು, ಗ್ಯಾಸ್ ಫ್ರಿಜ್ಜು ಎಲ್ಲವನ್ನೂ ಸರೋವರದ ದಂಡೆಯಲ್ಲಿ ಮೊದಲೇ ಇಟ್ಟಿರುವವರೇ ವಿಮಾನವನ್ನೂ ಗೊತ್ತು ಮಾಡಿಕೊಡುತ್ತಾರೆ. ಒಂದು ಸರೋವರಕ್ಕೆ ಒಂದೇ ಕ್ಯಾಬಿನ್ ಇರುವ ಕಡೆ ಆ ವಾರವೆಲ್ಲ ಇಡೀ ನೀರು ನಿಮ್ಮದೇ. ಯಾವ ವಾರ ಎಂಬುದಕ್ಕೇ ಜಗಳವೆಲ್ಲ. ಹಿಮ ಕರಗುವುದು ಮೇನಲ್ಲಿ. ಆ ತಿಂಗಳ ಮೂರನೆಯ ಶನಿವಾರ ವಾಲೈ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ಆಗಸ್ಟಿನಲ್ಲಿ ಹವೆ ಹಿತ, ಆದರೆ ಮೀನು ಆಳಕ್ಕಿಳಿದಿರುತ್ತದೆ. ನನ್ನ ಮತ ಜೂನ್ ಮೊದಲ ವಾರಕ್ಕೆ. ಕರಿನೊಣಗಳು ಕಿವಿಯ ಹಿಂದೆ, ಕಾಲರಿನ ಅಂಚಿನಲ್ಲಿ ರಕ್ತ ಬರುವಂತೆ ಕಚ್ಚುತ್ತವೆ, ನಿಜ. ತಲೆಗೆ ಬಲೆ ಕಟ್ಟಿಕೊಂಡೇ ದೋಣಿಯಲ್ಲಿ ಕೂರಬೇಕು. ಆದರೂ ಮೊಟ್ಟೆಯಿಟ್ಟು ಮುಗಿಸಿದ ವಾಲೈ ಆಗ ಹೊಳೆ ಬಂದು ಸೇರುವ ಬಾಯಲ್ಲೇ, ಹೆಚ್ಚು ಆಳವಿಲ್ಲದ ನೀರಿನಲ್ಲೇ ಸುಳಿದಾಡುತ್ತಿರುತ್ತದೆ. ಸೀಸದ ತಲೆಯ ಒಂದು ಜಿಗ್ ಗಾಳ, ಅದರ ತುದಿಗೊಂದು ಜಿಗಣೆ, ಅಷ್ಟು ಸಾಕು.

ದಿನ ನಿಗದಿಯಾದ ಮೇಲೆ ಉಳಿದದ್ದೆಲ್ಲ ತೂಕದ ಲೆಕ್ಕ. ತಲೆಗೆ ಸುಮಾರು ನೂರು ಪೌಂಡು ಸಾಮಾನು, ಅದಕ್ಕಿಂತ ಹೆಚ್ಚಾದರೆ ಇನ್ನೊಂದು ಹಾರಾಟದ ದುಡ್ಡು. ಯಾವುದು ಬೇಕು, ಯಾವುದು ಬೇಡ ಎಂದು ಮನುಷ್ಯ ತನ್ನನ್ನೇ ಇಷ್ಟು ಪ್ರಾಮಾಣಿಕವಾಗಿ ಕೇಳಿಕೊಳ್ಳುವ ಪ್ರಸಂಗ ಬೇರೆ ಇರಲಾರದು. ಬಾಣಲೆ ಕ್ಯಾಬಿನ್ನಿನಲ್ಲಿದೆ, ಬೇಡ. ನೀರಿನ ಬಾಟಲಿ ಬೇಡ; ಫಿಲ್ಟರ್ ಸಾಕು. ಗಾಳದ ಪೆಟ್ಟಿಗೆ ತೆರೆದರೆ ಸೀಸ, ಕಬ್ಬಿಣ, ಚಮಚದಾಕಾರದ ಬಣ್ಣಬಣ್ಣದ ಗಾಳಗಳು; ಅರ್ಧಕ್ಕರ್ಧ ಮನೆಯಲ್ಲೇ ಉಳಿಯಬೇಕು. ಡಬ್ಬಿಯ ತಿನಿಸು ಬಿಟ್ಟರೆ ಎಷ್ಟೋ ಹಗುರ. ನಮ್ಮ ಗುಂಪಿನಲ್ಲಿ ಅವಲಕ್ಕಿ ಗೆಲ್ಲುವುದು ಇಲ್ಲೇ: ಚೀಲದಲ್ಲಿ ಭಾರವಿಲ್ಲ, ಸರೋವರದ ನೀರು ತಾಗಿದರೆ ಊಟ. ಆದರೆ ಮಳೆಯಂಗಿ, ಜೀವರಕ್ಷಕ ಜಾಕೆಟ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ, ಇವುಗಳ ತೂಕದಲ್ಲಿ ಚೌಕಾಶಿ ಮಾಡುವವರ ಜೊತೆ ನಾನು ಹೋಗುವುದಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ದಕ್ಕೆಯಲ್ಲಿ ತಕ್ಕಡಿಯಿದೆ. ಚೀಲಗಳನ್ನು ಇಟ್ಟ ಮೇಲೆ ಜನರೂ ಹತ್ತಬೇಕು. ಪೈಲಟ್ ಅಂಕಿ ಬರೆದುಕೊಂಡು, ಭಾರದ್ದು ಎಲ್ಲಿ, ಹಗುರದ್ದು ಎಲ್ಲಿ ಎಂದು ಕೈಯಾರೆ ಜೋಡಿಸುತ್ತಾನೆ. ಸೆಕೆಯ ಮಧ್ಯಾಹ್ನ, ಗಾಳಿಯಿಲ್ಲದೆ ನೀರು ಅಲುಗದೆ ನಿಂತಿದ್ದರೆ ಫ್ಲೋಟು ಅಂಟಿಕೊಂಡಂತೆ ಮೇಲೇಳಲು ಒಲ್ಲೆನ್ನುತ್ತದೆ. ಸಣ್ಣ ಅಲೆಯಿದ್ದರೆ ಬೇಗ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಸೆಕೆ ಏರುವ ಮೊದಲು ಬೆಳಿಗ್ಗೆಯೇ ಹೊರಡುವುದು ಮೇಲು.

ಈ ಕಾಡನ್ನು ಯಾರೂ ಇಲ್ಲದ ಜಾಗ ಎಂದು ಜಾಹೀರಾತುಗಳು ಹೇಳುವುದು ನನಗೆ ಹಿಡಿಸುವುದಿಲ್ಲ. ಅನಿಶಿನಾಬೆ ಜನ ತಲೆತಲಾಂತರದಿಂದ ಮೀನು ಹಿಡಿದು, ಬೇಟೆಯಾಡಿ ಬಾಳಿದ ನೆಲವಿದು. ರೆಡ್ ಲೇಕಿನ ಪಶ್ಚಿಮಕ್ಕಿರುವ ವುಡ್‌ಲ್ಯಾಂಡ್ ಕ್ಯಾರಿಬೂ ಉದ್ಯಾನವೂ ಸೇರಿದ ಪಿಮಾಚಿಯೊವಿನ್ ಅಕಿ ಪ್ರದೇಶ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಾರವೊಂದಕ್ಕೆ ಹೋಗುವ ನಾವು ಅಲ್ಲಿ ನೆಂಟರು.

ವಾಲೈ ಕೈಗೆ ಬಂದಾಗ ಮೊದಲು ಕಣ್ಣು ನೋಡಬೇಕು. ಮೈಯೆಲ್ಲ ಹಳದಿ ಹೊಂಬಣ್ಣ, ಕಣ್ಣು ಮಾತ್ರ ಹಾಲುಗಾಜಿನ ಗೋಲಿ. ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪದರವೊಂದು ಬಂದ ಬೆಳಕನ್ನು ಮತ್ತೆ ಒಳಗೇ ಮರಳಿಸುವುದರಿಂದ ಮುಸ್ಸಂಜೆಯ ಕಲಕು ನೀರಿನಲ್ಲೂ ಅದಕ್ಕೆ ಬೇಟೆ ಕಾಣುತ್ತದೆ. ಬೆನ್ನಿನ ಮುಳ್ಳುರೆಕ್ಕೆ ನಿಮಿರುವ ಮೊದಲೇ ಹಿಡಿತ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಅಂಗೈ ಸೀಳುತ್ತದೆ. ಈ ಸೀಮೆಯಲ್ಲಿ ಪೂರ್ಣ ಪರವಾನಗಿಗೆ ನಾಲ್ಕು, ಸಂರಕ್ಷಣೆಯ ಪರವಾನಗಿಗೆ ಎರಡು ವಾಲೈ ಇಟ್ಟುಕೊಳ್ಳಬಹುದು. 46 ಸೆಂಟಿಮೀಟರ್ ಮೀರಿದ್ದು ಒಂದೇ. ದೊಡ್ಡವುಗಳಲ್ಲಿ ಹೆಚ್ಚಿನವು ಮೊಟ್ಟೆಯಿಡುವ ಹೆಣ್ಣುಗಳು. ಚಳಿಯ ನೀರಿನಲ್ಲಿ ಮೀನು ನಿಧಾನವಾಗಿ ಬೆಳೆಯುವುದರಿಂದ ಅಂಥದ್ದೊಂದು ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು. ದೊಡ್ಡದನ್ನು ಬಿಟ್ಟುಬಿಡಿ, ಸಣ್ಣದು ರುಚಿಗೂ ಮೇಲು.

ಮರಳುವ ದಿನದ ಯೋಜನೆಯನ್ನು ಪೆನ್ಸಿಲಿನಲ್ಲೇ ಬರೆದಿಡಬೇಕು. ಪೈಲಟ್ ಕಣ್ಣಿಗೆ ಕಾಣುವುದನ್ನು ನಂಬಿ ಹಾರುವವನು. ಮಂಜು ಕವಿದರೆ, ಕಾಳ್ಗಿಚ್ಚಿನ ಹೊಗೆ ತುಂಬಿದರೆ ಬರುವುದಿಲ್ಲ. 2020ರ ಆಗಸ್ಟಿನಲ್ಲಿ ಬೆಂಕಿ ಸಮೀಪಿಸಿ ರೆಡ್ ಲೇಕ್ ಊರನ್ನೇ ತೆರವು ಮಾಡಬೇಕಾಗಿತ್ತು. ಎರಡು ದಿನದ ಹೆಚ್ಚುವರಿ ಅಕ್ಕಿ, ಬೇಳೆ, ನಿತ್ಯದ ಮಾತ್ರೆ ಚೀಲದಲ್ಲಿರಲಿ. ವಿಮಾನ ಬಂದಾಗ ಕಸವೂ ನಿಮ್ಮೊಂದಿಗೇ ಹೊರಡಬೇಕು, ಕರಡಿಗೆ ಬಿಟ್ಟು ಬರುವಂತಿಲ್ಲ. ಮನೆಗೆ ಒಯ್ಯುವ ಮೀನನ್ನು ಹೋಳು ಮಾಡುವಾಗ ಪ್ರತಿ ಹೋಳಿನ ಮೇಲೂ ಚರ್ಮದ ತುಣುಕು ಉಳಿಸಿ, ಎಣಿಸಲು ಬರುವಂತೆ ಬಿಡಿಬಿಡಿಯಾಗಿ ಕಟ್ಟಿ. ದಾರಿಯಲ್ಲಿ ತಡೆದ ಅಧಿಕಾರಿಗೆ ಅದು ಯಾವ ಮೀನು, ಎಷ್ಟು ಎಂಬುದು ನೋಡಿದೊಡನೆ ತಿಳಿಯಬೇಕು.